ಜೊಂಡಿನ ನೆಮ್ಮದಿ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಚಾಪೆಕೇರಿಯಲ್ಲಿ ಓಬಮ್ಮನ ಮನೆಯ ಹೊಸಿಲಿಗೆ ನೀರು ಬಂದು ಮುಟ್ಟಿತು. ಅದೇ ಹೊತ್ತಿಗೆ, ಅಲ್ಲಿಂದ ಎರಡು ಮೈಲಿ ದೂರದ ಜಲಭವನದ ಮೂರನೇ ಮಹಡಿಯಲ್ಲಿ, ಗೋಡೆಯಗಲದ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಹೀಗೆ ಮೂಡಿತ್ತು: ದೊಡ್ಡಜೊಂಡು, ನೆಮ್ಮದಿ ತೊಂಬತ್ತಾರು.

ಅಲ್ಲಿ ಚಹಾ ಕೊಡುತ್ತಿದ್ದ ಓಬಮ್ಮನಿಗೆ ಎರಡೂ ಒಟ್ಟಿಗೇ ತಿಳಿದವು. ಕಣ್ಣು ಪರದೆಯ ಮೇಲಿತ್ತು, ಕಿವಿಯಲ್ಲಿ ಫೋನಿತ್ತು, ಇನ್ನೊಂದು ಕೈಯಲ್ಲಿ ಚಹಾದ ಫ್ಲಾಸ್ಕಿತ್ತು.

"ಅವ್ವಾ, ಹೊಸ್ಲು ಮುಟ್ತು ಕಣವ್ವ," ಅಂದಳು ಆ ಕಡೆಯಿಂದ ಮಗಳು ಲಿಖಿತಾ. ಅವಳು ಹೆತ್ತು ಹನ್ನೊಂದು ದಿನವಾಗಿತ್ತು. ಹೊಟ್ಟೆ ಕೊಯ್ದು ತೆಗೆದ ಕೂಸು. ಅದರ ಅಳು ಹಿಂದಿನಿಂದ ಸಣ್ಣಗೆ ಕೇಳುತ್ತಿತ್ತು. "ಮಂಚದ ಕೆಳ್ಗಿನ ಕೆಂಡದ ಮಡ್ಕೆ ತೆಗ್ದಿಟ್ಟಿವ್ನಿ. ಅಟ್ಟಕ್ಕೆ ಹತ್ಲಾ?"

"ಹತ್ತಬ್ಯಾಡ, ಹೊಲಿಗೆ ಕಿತ್ತೋದಾತು. ಪಕ್ಕದ್ಮನೆ ಕಾಟಮ್ಮತ್ತೆನ ಕೂಗು. ನಾನು ಇಲ್ಲಿ ಹೇಳ್ತೀನಿ."

ಹೇಳಬೇಕಾದದ್ದು ವಿಶಾಖಾಗೆ. ಆ ದಿನದ ಪಾಳಿಯ ಎಂಜಿನಿಯರು ಅವಳೇ. ಮೂವತ್ತು ದಾಟಿರದ ಹುಡುಗಿ, ಮಾತು ಮೆತ್ತಗೆ, ಕೆಲಸ ಚೊಕ್ಕ.

"ಮೇಡಮ್ಮೋರೆ, ನಮ್ಮ ಕೇರಿಗೆ ನೀರು ನುಗ್ತಾ ಐತೆ. ಕೋಡಿಬಾಗ್ಲು ತೆಗ್ಸಿ."

"ತೆಗೆಯೋದು ನಾನಲ್ಲ ಓಬಮ್ಮ, ನಿಮಗೇ ಗೊತ್ತಲ್ಲ. ಜೊಂಡಿಗೆ ಕಷ್ಟ ಆದ್ರೆ ಅದೇ ತೆಗೆಸಿಕೊಳ್ಳುತ್ತೆ."

"ನಮಗೆ ಕಷ್ಟ ಆಗ್ತೈತಲ್ಲ."

"ನಿಮ್ಮದು ಅದಕ್ಕೆ ಕೇಳಿಸಲ್ಲ."

ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವ ಹಾಗೆ ವಿಶಾಖಾ ಅಂದುಬಿಟ್ಟಳು. ಅಂದಮೇಲೆ ತನ್ನ ಮಾತು ತನಗೇ ಕೇಳಿಸಿದಂತಾಗಿ ತಲೆ ತಗ್ಗಿಸಿದಳು.

ದೊಡ್ಡಜೊಂಡು ಅಂದರೆ ಅರಳಾಪುರ ನಗರದ ತೆಂಕಣ ತಗ್ಗಿನಲ್ಲಿ ಮುನ್ನೂರು ಎಕರೆ ಹಬ್ಬಿದ ಜವುಗು. ಹಿಂದೊಮ್ಮೆ ನಗರದವರು ಅದನ್ನು ಅರ್ಧ ಮುಚ್ಚಿ ಸೈಟು ಮಾಡಿದ್ದರು. ಕಾಲುವೆಗಳಿಗೆಲ್ಲ ಸಿಮೆಂಟು ಬಳಿದಿದ್ದರು. ಮಳೆಯ ಲೆಕ್ಕ ತಪ್ಪಿದ ಮೇಲೆ, ಒಂದು ತಿಂಗಳ ಮಳೆ ಒಂದೇ ಹಗಲಲ್ಲಿ ಸುರಿಯತೊಡಗಿದ ಮೇಲೆ, ಊರು ಮೂರು ಸಲ ಮುಳುಗಿತು. ಆಗ ಬುದ್ಧಿ ಬಂತು. ಸಿಮೆಂಟು ಒಡೆದರು, ಜೊಂಡು ನೆಟ್ಟರು, ನೀರು ಇಂಗಲು ಜಾಗ ಬಿಟ್ಟರು. ಅದು ಒಳ್ಳೆಯ ಕೆಲಸವೇ. ಓಬಮ್ಮ ಇವತ್ತಿಗೂ ಅದನ್ನು ಅಲ್ಲಗಳೆಯುವವಳಲ್ಲ. ನೆಟ್ಟವರಲ್ಲಿ ಅವಳೂ ಒಬ್ಬಳು.

ಬಾಗಿಲಿನದೇ ತಕರಾರು. ಜವುಗಿನ ಕೊನೆಗೆ ಏರಿ, ಏರಿಯ ನಡುವೆ ಕೋಡಿಬಾಗಿಲು. ಅದನ್ನು ತೆರೆದರೆ ನೀರು ಆಚೆಯ ಖಾಲಿ ಬಯಲಿಗೆ ಹರಿಯುತ್ತದೆ, ಮುಚ್ಚಿದರೆ ಜವುಗಿನಲ್ಲಿ ನಿಲ್ಲುತ್ತದೆ, ಹೆಚ್ಚಾದರೆ ದಂಡೆಯ ಚಾಪೆಕೇರಿಗೆ ನುಗ್ಗುತ್ತದೆ. ಮೊದಲು ಅದಕ್ಕೊಂದು ತಿರುಗಣೆಯ ಚಕ್ರವಿತ್ತು. ಸೈಟಿನ ಆಸೆಯವರು ಕಾವಲುಗಾರನನ್ನು ಬುಟ್ಟಿಗೆ ಹಾಕಿಕೊಂಡು, ಬೇಸಿಗೆಯಲ್ಲಿ ಬಾಗಿಲು ತೆಗೆಸಿ ಜವುಗು ಒಣಗಿಸುತ್ತಿದ್ದರು. ಮನುಷ್ಯರ ಕೈ ನಂಬಲಾಗದು ಎಂದು ತೀರ್ಮಾನವಾಯಿತು. ಹಾಗಾದರೆ ಇನ್ಯಾರ ಕೈ?

ಜೊಂಡಿನದೇ ಎಂದರು ವಿಜ್ಞಾನಿಗಳು.

ಗಿಡಕ್ಕೆ ಬಾಯಿಲ್ಲ, ನರವಿಲ್ಲ. ಆದರೂ ಗಾಯವಾದರೆ, ಉಸಿರು ಕಟ್ಟಿದರೆ, ಅದರ ಮೈಯೊಳಗೆ ವಿದ್ಯುತ್ತಿನ ಸಣ್ಣದೊಂದು ಅಲೆ ಹಾಯುತ್ತದೆ. ಕೂದಲೆಳೆಯಂಥ ತಂತಿಯನ್ನು ಕೆಸರಿನೊಳಗಿನ ಗಡ್ಡೆಗೆ ಚುಚ್ಚಿ ಆ ಅಲೆಯನ್ನು ಹಿಡಿಯುವ ಸಾಧನಕ್ಕೆ ಬೇರುಗಿವಿ ಎಂದು ಹೆಸರಿಟ್ಟರು. ಅಂಥ ನಲವತ್ತು ಸಾವಿರ ಕಿವಿಗಳನ್ನು ದೊಡ್ಡಜೊಂಡಿನಲ್ಲಿ ಹೂತರು. ಎಲ್ಲ ಕಿವಿಗಳೂ ಕೇಳಿದ್ದನ್ನು ಕೂಡಿಸಿ ಯಂತ್ರ ಒಂದು ಅಂಕಿ ಕೊಡುತ್ತದೆ. ಅದೇ ನೆಮ್ಮದಿ. ನೀರು ಹೆಚ್ಚಾಗಿ ಗಡ್ಡೆಗಳು ಉಸಿರುಗಟ್ಟಿದರೆ ನೆಮ್ಮದಿ ಬೀಳುತ್ತದೆ, ಬಾಗಿಲು ತಾನೇ ತೆರೆಯುತ್ತದೆ. ನೆರೆಯ ಎಚ್ಚರಿಕೆ ಹೊರಡುವುದೂ, ದೋಣಿಗಳು ಹೊರಡುವುದೂ ಆ ಅಂಕಿಯಿಂದಲೇ. ತಿರುಗಣೆಯ ಚಕ್ರವನ್ನು ಗ್ಯಾಸ್ ಕಟರಿನಿಂದ ಕತ್ತರಿಸಿ, ಹಾರ ಹಾಕಿ, ವಸ್ತುಸಂಗ್ರಹಾಲಯಕ್ಕೆ ಕಳಿಸಿದರು.

ಯಂತ್ರಕ್ಕೆ ಜೊಂಡಿನ ಭಾಷೆ ಕಲಿಸಬೇಕಿತ್ತಲ್ಲ. ಅದಕ್ಕೆ ಕರೆದದ್ದು ಓಬಮ್ಮನನ್ನು.

ಚಾಪೆಕೇರಿಯ ಹೆಂಗಸರು ತಲೆತಲಾಂತರದಿಂದ ಜೊಂಡು ಕೊಯ್ದು ಚಾಪೆ ಹೆಣೆದವರು. ಮುಂಗಾರಿಗೊಂದು ಕೊಯ್ಲು, ಹಿಂಗಾರಿಗೊಂದು ಕೊಯ್ಲು. ಕೊಯ್ಯುವುದಕ್ಕೆ ಅವರಲ್ಲೊಂದು ಕಟ್ಟುನಿಟ್ಟು: ನೀರಿನ ಮೇಲೆ ಒಂದು ಗೇಣು ಬಿಟ್ಟೇ ಕುಡುಗೋಲು ಹಾಕಬೇಕು. ಜೊಂಡಿನ ಕಾಂಡದೊಳಗೆಲ್ಲ ಗಾಳಿಗೂಡು, ಕೆಸರಿನ ಗಡ್ಡೆ ಉಸಿರಾಡುವುದು ಆ ಕಾಂಡದಿಂದಲೇ. ನೀರಿನಡಿಗೆ ಕೊಯ್ದರೆ ಕೊಳವೆಯೊಳಗೆ ನೀರಿಳಿದು ಗಡ್ಡೆ ಸಾಯುತ್ತದೆ. ಅದಕ್ಕೆ ಮುಳುಗುಕೊಯ್ಲು ಅನ್ನುತ್ತಾರೆ. ಹಾಗೆ ಕೊಯ್ದವಳನ್ನು ಕೇರಿಯಲ್ಲಿ ಮೂರು ದಿನ ಯಾರೂ ಮಾತಾಡಿಸುತ್ತಿರಲಿಲ್ಲ.

ಆವತ್ತು ವಿಜ್ಞಾನಿ ಓಬಮ್ಮನಿಗೆ ಹೇಳಿದ್ದು ಅದನ್ನೇ. "ನೀರೊಳಗೆ ಕೊಯ್ಯಿ ತಾಯಿ."

"ಅಂಗೆ ಕೊಯ್ದ್ರೆ ಸತ್ತೋಯ್ತದೆ ಸಾ."

"ಅದೇ ಬೇಕು. ಸಾಯುವಾಗ ಹೇಗೆ ಕೂಗುತ್ತೆ ಅಂತ ಯಂತ್ರಕ್ಕೆ ತಿಳೀಬೇಕು."

ಅವಳು ಕುಡುಗೋಲನ್ನು ನೀರಿಗಿಳಿಸಿ, ಹೊರತೆಗೆದು, ಮತ್ತೆ ಇಳಿಸಿದಳು. ಆಮೇಲೆ ಒಂದು ಬುಡ ಕೊಯ್ದಳು. ಪರದೆಯಲ್ಲಿ ಗೆರೆಯೊಂದು ಚಂಗನೆ ಮೇಲೆದ್ದು, ನಡುಗಿ, ಮಲಗಿತು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಆ ಗೆರೆಗೆ ಚೌಕಟ್ಟು ಹಾಕಿಸಿ ಜಲಭವನದ ಗೋಡೆಯಲ್ಲಿ ತೂಗುಹಾಕಿದ್ದಾರೆ. ಕೆಳಗೆ "ಮೊದಲ ಕೂಗು" ಎಂದು ಬರೆದಿದೆ. ಕೊಯ್ದವಳ ಹೆಸರಿಲ್ಲ.

ಅದಾಗಿ ವರ್ಷಕ್ಕೆ ಜೊಂಡು ಕೊಯ್ಯುವುದೇ ಅಪರಾಧವಾಯಿತು. ಗೇಣು ಬಿಟ್ಟು ಕೊಯ್ದರೂ ಗಿಡಕ್ಕೆ ಗಾಯ, ಗಾಯವಾದರೆ ನೆಮ್ಮದಿ ಎರಡು ಮೂರು ಅಂಕಿ ಇಳಿಯುತ್ತದೆ, ಅಂಕಿ ಇಳಿದರೆ ಜವುಗು ಕಾಪಾಡಿದ್ದಕ್ಕೆ ನಗರಕ್ಕೆ ಬರುವ ಬಹುಮಾನ ತಪ್ಪುತ್ತದೆ. ಒಂದು ದಿನ ಗೊತ್ತುಮಾಡಿ ಕುಡುಗೋಲುಗಳನ್ನೆಲ್ಲ ಒಪ್ಪಿಸಿಕೊಂಡರು. ಚಾಪೆ ಹೋಯಿತು. ಕೆಲವರು ಕಸ ಗುಡಿಸಲು ಹೋದರು, ಓಬಮ್ಮ ಜಲಭವನದಲ್ಲಿ ಚಹಾ ಕೊಡಲು, ನೆಲ ಒರೆಸಲು ನಿಂತಳು. ಆರು ವರ್ಷದಿಂದ ದಿನಾ ಬೆಳಿಗ್ಗೆ ಆ ಚೌಕಟ್ಟಿನ ಧೂಳು ಒರೆಸುತ್ತಿದ್ದವಳು ಅವಳೇ.

ಹನ್ನೊಂದೂವರೆಗೆ ಮಗಳ ಫೋನು ಮತ್ತೆ ಬಂತು. ನೀರು ಮಂಚವನ್ನೇ ಮುಳುಗಿಸಿತ್ತು. ರಾಜಕಾಲುವೆ ಉಕ್ಕಿ ಕೇರಿಯ ರಸ್ತೆ ಕಾಣದಾಗಿತ್ತು.

"ದೂರಿನ ನಂಬರ್ಗೆ ಮಾಡ್ದೆ ಕಣವ್ವ. ಏನಂತೈತೆ ಗೊತ್ತಾ? ನಿಮ್ಮ ಕಾಳಜಿಗೆ ಧನ್ಯವಾದ, ದೊಡ್ಡಜೊಂಡು ನೆಮ್ಮದಿಯಿಂದಿದೆ, ನಿಮ್ಮ ಪ್ರದೇಶದಲ್ಲಿ ನೆರೆ ಇಲ್ಲ ಅಂತೈತೆ. ನಾನು ನಡುಮಟ್ಟ ನೀರಲ್ಲಿ ನಿಂತ್ಕಂಡು ಕೇಳಿಸ್ಕೊಂತಾ ಇವ್ನಿ."

"ಕೂಸು?"

"ಕಾಟಮ್ಮತ್ತೆ ಎತ್ಕಂಡವ್ಳೆ. ಇಸ್ಕೂಲ್ ಮಾಳಿಗೆಗೆ ಒಯ್ತೀವಿ ಅಂತಾರೆ. ಮೆಟ್ಲು ಹೊರಗಡೆ ಐತೆ, ಅಲ್ಲಿ ಸೆಳವು ಜಾಸ್ತಿ. ನಂಗೆ ಹೊಟ್ಟೆ ಹಿಡ್ಕಂಡು ಹೆಜ್ಜೆ ಇಡಕ್ಕಾಗ್ತಿಲ್ಲ."

ಪರದೆಯ ಅಂಕಿ ಅಷ್ಟರಲ್ಲಿ ತೊಂಬತ್ತೇಳಕ್ಕೆ ಏರಿತ್ತು. ಇಡೀ ಊರಿನ ಕೊಚ್ಚೆ ಬಂದು ಬಿದ್ದದ್ದರಿಂದ ಜೊಂಡಿಗೆ ಹಬ್ಬದೂಟ ಸಿಕ್ಕಿತ್ತು.

ವಿಶಾಖಾ ಮೇಲಧಿಕಾರಿಗೆ ಫೋನು ಮಾಡಿದಳು. ಓಬಮ್ಮನೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಅಂಕಿ ಎಷ್ಟಿದೆ?" ಎಂದರು ಅವರು.

"ತೊಂಬತ್ತೇಳು ಸರ್. ಆದರೆ ಚಾಪೆಕೇರಿ ಮುಳುಗ್ತಾ ಇದೆ. ಕ್ಯಾಮೆರಾದಲ್ಲಿ ಕಾಣಿಸ್ತಿದೆ. ದೋಣಿ ಕಳಿಸೋಕೆ ನೀವು ಬಾಯಲ್ಲಿ ಹೇಳಿದ್ರೂ ಸಾಕು."

"ತೊಂಬತ್ತೇಳಿರುವಾಗ ನೆರೆ ಅಂತ ನಾನು ಹೇಗೆ ಹೇಳಲಿ? ನಾಳಿದ್ದು ಏಳು ದೇಶದವರು ಇದನ್ನೇ ನೋಡೋಕೆ ಬರ್ತಿದ್ದಾರೆ. ಕ್ಯಾಮೆರಾ ನೋಡಿ ಬಾಗಿಲು ತೆಗೀಬೇಕು ಅಂತ ಯಾವ ಕಾನೂನಲ್ಲಿದೆ? ಸ್ವಲ್ಪ ತಾಳ್ಮೆ ಇರಲಿ ಅಂತ ಅವರಿಗೆ ಹೇಳಿ."

ಫೋನು ಇಟ್ಟುಬಿಟ್ಟರು. ತಾಳ್ಮೆ ಎಂಬ ಮಾತು ಕೋಣೆಯಲ್ಲಿ ಹಾಗೇ ನಿಂತಿತು.

ಓಬಮ್ಮ ಕೂಗಾಡಲಿಲ್ಲ. ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ಆರು ವರ್ಷದಿಂದ ಕೇರಿಯವರೆಲ್ಲ ತಾಳಿಕೊಂಡೇ ಬಂದಿದ್ದರು. ಕುಡುಗೋಲು ಕೊಡಿ ಎಂದಾಗ ಕೊಟ್ಟಿದ್ದರು. ಕೆಲಸ ಬಿಡಿ ಎಂದಾಗ ಬಿಟ್ಟಿದ್ದರು. ಹುಲ್ಲಿಗೆ ನೋವಾಗುತ್ತದೆ ಎಂದಾಗ, ಆಗುತ್ತದೇನೋ ಎಂದು ನಂಬಿದ್ದರು. ಈಗ ಹೆತ್ತ ಹಸಿ ಮೈಯವಳು ನೀರಲ್ಲಿ ನಿಂತು ಕೂಗಿದರೆ ಅದು ಯಾವ ಕಿವಿಗೂ ಬೀಳದು.

ಅವಳು ಕ್ಯಾಮೆರಾದ ಚಿತ್ರವನ್ನೇ ನೋಡಿದಳು. ಏರಿಯಂಚಿನ ಜೊಂಡು ಹತ್ತಡಿ ಎತ್ತರ ಬೆಳೆದು, ಕಂದು ಕದಿರು ಬಿಟ್ಟು, ಮಳೆಗೆ ಹಾಯಾಗಿ ತೂಗುತ್ತಿತ್ತು. ಆರು ವರ್ಷದಿಂದ ಯಾರೂ ಮುಟ್ಟದ ಜೊಂಡು. ನೀರು ಎದೆಮಟ್ಟ ಬಂದಿದ್ದರೂ ಅದರ ಮೂಗು ಆರಡಿ ಮೇಲಿತ್ತು. ಅದಕ್ಕೆ ಏಕೆ ಉಸಿರು ಕಟ್ಟೀತು? ಹಿಂದೆ ಕೊಯ್ಲಾದ ಜೊಂಡು ಗಿಡ್ಡಕ್ಕಿರುತ್ತಿತ್ತು. ನೀರು ಹೊಸಿಲಿಗೆ ಬರುವ ಹೊತ್ತಿಗೆ ಅದೂ ಮುಳುಗಿರುತ್ತಿತ್ತು. ಯಂತ್ರ ಪಾಠ ಕಲಿತದ್ದು ಆ ಗಿಡ್ಡ ಜೊಂಡಿನಿಂದ. ಕಲಿಸಿ ಮುಗಿದ ಮೇಲೆ ಇವರು ಕೊಯ್ಲು ನಿಲ್ಲಿಸಿದರು.

ಅವಳು ಹೋಗಿ ಚೌಕಟ್ಟಿನ ಮುಂದೆ ನಿಂತಳು.

"ಮೇಡಮ್ಮೋರೆ, ಇದು ಇನ್ನೊಂದ್ಸಲ ಅಳ್ತು ಅಂದ್ರೆ ಬಾಗ್ಲು ತೆಗಿತೈತಾ?"

"ಒಂದು ಅತ್ತರೆ ಸಾಲದು. ಮುನ್ನೂರು ಬುಡ, ಒಂದೇ ಕಡೆ, ಒಟ್ಟಿಗೆ ಉಸಿರು ಕಟ್ಟಬೇಕು. ಅದಾಗಬೇಕಾದರೆ ನೀರು ಇನ್ನೂ ಆರಡಿ ಏರಬೇಕು."

"ನೀರೇ ಏರ್ಬೇಕಾ? ಜೊಂಡು ಇಳಿದ್ರೆ ಆಗಾಕಿಲ್ವಾ?"

ವಿಶಾಖಾ ಅವಳನ್ನೇ ನೋಡಿದಳು. ಆಮೇಲೆ ಕುರ್ಚಿ ತಿರುಗಿಸಿ ಪರದೆಗೆ ಮುಖ ಮಾಡಿದಳು. "ಅದಕ್ಕೆ ಮೂರು ವರ್ಷ ಜೈಲು, ಓಬಮ್ಮ," ಅಂದಳು. ಜವುಗಿನ ನಕಾಶೆ ತೆರೆದು, ತನ್ನೊಳಗೇ ಓದಿಕೊಳ್ಳುವವಳಂತೆ ಹೇಳಿದಳು: "ಬಾಗಿಲ ಎಡಗಡೆ, ಏರಿಗೆ ಅಂಟಿಕೊಂಡ ಪಟ್ಟಿಯ ಕಿವಿಗಳು ಎಲ್ಲಕ್ಕಿಂತ ಚುರುಕು. ನಾನು ಯಾರಿಗೂ ಏನೂ ಹೇಳಿಲ್ಲ."

"ಚಾ ಫ್ಲಾಸ್ಕಲ್ಲೈತೆ, ಬಗ್ಗಿಸ್ಕಳಿ," ಎಂದು ಓಬಮ್ಮ ಮೆಟ್ಟಿಲಿಳಿದಳು.

ಆಟೋದವನು ಏರಿಯ ತುದಿಯಲ್ಲೇ ನಿಲ್ಲಿಸಿಬಿಟ್ಟ. ಅಲ್ಲಿಂದ ಅವಳು ಏರಿಯ ಮೇಲೆ ಓಡುತ್ತ ಬಂದು ನೋಡಿದರೆ, ಕೇರಿಯ ಹೆಂಚುಗಳು ನೀರಿನ ಮೇಲೆ ಸಾಲಾಗಿ ಕವುಚಿ ಹಾಕಿದ ದೋಣಿಗಳ ಹಾಗಿದ್ದವು. ಶಾಲೆಯ ಮಾಳಿಗೆಯಲ್ಲಿ ಮುಕ್ಕಾಲು ಕೇರಿ ಸೇರಿತ್ತು. ಕಾಟಮ್ಮ ಕೂಸನ್ನು ಎದೆಗವಚಿಕೊಂಡು ಅಲ್ಲಿದ್ದಳು. ಅವಳ ತಾಯಿ ಗಂಗಜ್ಜಿಯನ್ನು, ಕೇರಿಗೆಲ್ಲ ಕೊಯ್ಲು ಕಲಿಸಿದ ತೊಂಬತ್ತರ ಮುದುಕಿಯನ್ನು, ಒದ್ದೆ ಕಂಬಳಿಯಲ್ಲಿ ಸುತ್ತಿ ಮಲಗಿಸಿದ್ದರು. ಲಿಖಿತಾ ಮಾತ್ರ ಮಾಳಿಗೆಯಲ್ಲಿರಲಿಲ್ಲ. ಮೆಟ್ಟಿಲ ಬಳಿಯ ಸೆಳವು ದಾಟಲಾಗದೆ, ಮನೆಯ ಕಿಟಕಿಯ ಸರಳು ಹಿಡಿದು, ಹೊಟ್ಟೆಗೆ ಸೀರೆ ಬಿಗಿದು ನಿಂತಿದ್ದಳು. ನೀರು ಅವಳ ಎದೆಗೆ ಬಂದಿತ್ತು. ದೋಣಿಯಿಲ್ಲದೆ ಯಾರೂ ಆ ಸೆಳವು ದಾಟಿ ಅವಳ ಬಳಿ ಹೋಗುವಂತಿರಲಿಲ್ಲ.

ಓಬಮ್ಮ ಏರಿಯ ಮೇಲಿಂದಲೇ ಕೂಗಿ ಹೇಳಿದಳು. ಏನು ಮಾಡಬೇಕು, ಎಲ್ಲಿ ಮಾಡಬೇಕು, ಮಾಡಿದರೆ ಏನಾಗುತ್ತದೆ, ಎಲ್ಲವನ್ನೂ.

"ಕುಡ್ಲೆಲ್ಲೈತೆ? ಒಪ್ಪಿಸ್ಲಿಲ್ವಾ ಆವತ್ತು?" ಎಂದಿತು ಯಾವುದೋ ಗಂಡು ದನಿ.

"ಒಪ್ಸಿದ್ದು ತುಕ್ಕು ಹಿಡಿದಿದ್ವು," ಅಂದಳು ಕಾಟಮ್ಮ. "ಒಳ್ಳೇವ್ನ ಯಾರು ಕೊಡ್ತಾರೆ? ನನ್ನದು ಹೆಂಚಿನ ಸಂದೀಲೈತೆ."

ಸೆಳವಿಲ್ಲದ ಏರಿಬದಿಯ ಮನೆಗಳಿಂದ ಹಾಗೆ ಹದಿನೈದು ಕುಡುಗೋಲು ಹೊರಬಂದವು. ಹೆಂಚಿನ ಸಂದಿಯಿಂದ, ಅಟ್ಟದ ಮೂಲೆಯಿಂದ, ದೇವರ ಗೂಡಿನ ಹಿಂದಿನಿಂದ. ಕೂಸನ್ನು ಇನ್ನೊಬ್ಬಳ ಕೈಗಿತ್ತು ಕಾಟಮ್ಮ ಏರಿಗೆ ತಾಗಿಕೊಂಡಿದ್ದ ಮಾಳಿಗೆಯ ಹಿಂಬದಿಯಿಂದ ದಾಟಿದಳು. ಹದಿನೈದು ಹೆಂಗಸರು ಏರಿಯಿಂದ ಇಳಿದು ಎದೆಮಟ್ಟದ ನೀರಲ್ಲಿ ಜೊಂಡಿನ ಮುಂದೆ ನಿಂತರು. ನಿಂತರೇ ಹೊರತು ಯಾರ ಕೈಯೂ ಏಳಲಿಲ್ಲ.

"ಮ್ಯಾಲೆ ಸವರಿದ್ರೆ ಸಾಲ್ದಾ?" ಅಂದಳು ಕಾಟಮ್ಮ. "ನಮ್ಮವ್ವ ಅಲ್ಲಿಂದ ನೋಡ್ತಾ ಅವ್ಳೆ. ಮುಳುಗುಕೊಯ್ಲು ನಾನೆಂಗೆ ಹಾಕ್ಲಿ?"

"ಸವರಿದ್ರೆ ಗಾಯ ಆಗ್ತದೆ, ಉಸ್ರು ಕಟ್ಟಲ್ಲ. ಅದು ಅವರಿಗೆ ನೋಟೀಸು ಕಳ್ಸಕ್ಕೆ ಸಾಕು, ಬಾಗ್ಲು ತೆಗ್ಯಕ್ಕೆ ಸಾಲ್ದು. ಕಾಟಿ, ಮೂರು ದಿನ ಅಲ್ಲ, ಮೂರು ವರ್ಷ ನೀನು ನನ್ನ ಮಾತಾಡಿಸ್ಬ್ಯಾಡ. ಈಗ ಬಗ್ಗು."

ಓಬಮ್ಮ ತಾನೇ ಮೊದಲು ಬಗ್ಗಿದಳು. ಗಲ್ಲದವರೆಗೆ ನೀರು ಬಂತು. ಕೈಗೆ ಬುಡ ಸಿಕ್ಕಿತು, ತೋಳಿನಷ್ಟು ದಪ್ಪಕ್ಕೆ, ಗಟ್ಟಿಮುಟ್ಟಾಗಿ. ಇದನ್ನು ನೆಟ್ಟ ದಿನ ಅವಳಿಗೆ ನೆನಪಿತ್ತು. ಕುಡುಗೋಲು ಹಾಕಿ ಎಳೆದಳು. ಕೊಯ್ದ ಕೊಳವೆಯಿಂದ ಗುಳ್ಳೆಗಳು ಗುಳಗುಳನೆ ಮೇಲೆದ್ದವು. ಪಕ್ಕದಲ್ಲಿ ಕಾಟಮ್ಮನೂ ಬಗ್ಗಿದಳು. ಆಮೇಲೆ ಎಲ್ಲರೂ.

ಹತ್ತು ನಿಮಿಷ ಆಗಿರಲಿಲ್ಲ, ಡ್ರೋನು ಬಂತು. ದೋಣಿ ಬಾರದ ಕಡೆಗೆ, ಆಂಬುಲೆನ್ಸು ಬಾರದ ಕಡೆಗೆ ಅದು ಮಳೆ ಸೀಳಿಕೊಂಡು ಬಂದು ಅವರ ತಲೆಯ ಮೇಲೆ ನಿಂತಿತು. ಹೆಣ್ಣು ದನಿ, ಜೇನಿನಂಥ ದನಿ: "ದಯವಿಟ್ಟು ನಿಲ್ಲಿಸಿ. ಜೊಂಡಿಗೆ ನೋವಾಗುತ್ತಿದೆ. ದಯವಿಟ್ಟು ನಿಲ್ಲಿಸಿ. ಜೊಂಡಿಗೆ ನೋವಾಗುತ್ತಿದೆ."

"ಲೇ," ಅಂದಳು ಕಾಟಮ್ಮ ಬಗ್ಗಿದಲ್ಲಿಂದಲೇ, "ಆ ಕಿಟಕೀಲಿ ಬಾಣಂತಿ ನಿಂತವ್ಳೆ, ಅವಳ ಹತ್ರ ಹೋಗಿ ಒಂದ್ಸಲ ದಯವಿಟ್ಟು ಅನ್ನು ಹೋಗು."

ಡ್ರೋನು ಕದಲಲಿಲ್ಲ. ಅದಕ್ಕೆ ಹೇಳಿಕೊಟ್ಟದ್ದು ಅಷ್ಟೇ.

ಓಬಮ್ಮ ಎಣಿಸಲಿಲ್ಲ. ಅಂಗೈ ಕಿತ್ತು ರಕ್ತ ನೀರಿಗೆ ಬೆರೆಯಿತು, ಜೊಂಡಿನ ಅಲಗು ಮುಖ ಸೀಳಿತು. ಪ್ರತಿ ಎಳೆತಕ್ಕೂ ಒಂದೊಂದು ಸಿಟ್ಟು ನೆನಪಾಯಿತು: ಹಾರ ಹಾಕಿದ ಚಕ್ರಕ್ಕೊಂದು, ಚಪ್ಪಾಳೆಗೊಂದು, ಏಳು ದೇಶದವರಿಗೊಂದು, ತಾಳ್ಮೆಗೊಂದು. ತಲೆಯೆತ್ತಿದಾಗಲೆಲ್ಲ ಕಿಟಕಿಯ ಸರಳಿನಲ್ಲಿ ಮಗಳ ಎರಡು ಕೈ ಇವೆಯೇ ಎಂದು ನೋಡಿದಳು. ಇದ್ದವು. ಮತ್ತೆ ಬಗ್ಗಿದಳು.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಬಲಗಡೆ ಕಬ್ಬಿಣ ನರಳಿತು. ಇಡೀ ಏರಿ ಒಮ್ಮೆ ಅದುರಿತು. ನೀರಿನ ಮೇಲೆ ತೇಲುತ್ತಿದ್ದ ಜೊಂಡಿನ ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಸರಿಯತೊಡಗಿದವು. ಬಾಗಿಲು ತೆರೆದಿತ್ತು.

ಮೂರೂವರೆಗೆ ಓಬಮ್ಮನ ಮನೆಯ ಹೊಸಿಲು ಕಾಣಿಸಿತು. ಲಿಖಿತಾಳ ಹೊಲಿಗೆ ಎರಡು ಕಡೆ ಬಿಟ್ಟಿತ್ತು, ಜೀವಕ್ಕೆ ತೊಂದರೆಯಿರಲಿಲ್ಲ. ಕೂಸು ಹಸಿದು ಕಿರುಚುತ್ತಿತ್ತು. ಗಂಗಜ್ಜಿ ಮಾತ್ರ ಆ ಒದ್ದೆ ಕಂಬಳಿಯಲ್ಲೇ ಸಂಜೆಗೆ ಮುನ್ನ ತಣ್ಣಗಾದಳು. ಸಾಯುವ ಮುಂಚೆ ಮಗಳ ಕೈಗಂಟಿದ ಕೆಸರು ನೋಡಿ, "ಗೇಣು ಬಿಟ್ಯೇನೇ?" ಎಂದು ಕೇಳಿದಳಂತೆ. ಕಾಟಮ್ಮ ಹೂಂ ಅಂದಳಂತೆ.

ಶುಕ್ರವಾರ ಜಲಭವನದಲ್ಲಿ ವಿಚಾರಣೆಯಾಯಿತು. ಹದಿನೈದು ಜನರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಮೇಲಧಿಕಾರಿ ವರದಿ ಓದಿದರು: "ಮಂಗಳವಾರ ಮಧ್ಯಾಹ್ನ ದೊಡ್ಡಜೊಂಡಿನ ಮೇಲೆ ಹಲ್ಲೆ ನಡೆಯಿತು. ಜೊಂಡಿನ ನೋವಿಗೆ ವ್ಯವಸ್ಥೆ ಕೂಡಲೇ ಸ್ಪಂದಿಸಿ ಬಾಗಿಲು ತೆರೆಯಿತು. ನಿಸರ್ಗಾಧಾರಿತ ಯೋಜನೆಯ ದಕ್ಷತೆ ಇದರಿಂದ ಮತ್ತೊಮ್ಮೆ ರುಜುವಾತಾಗಿದೆ. ಸತ್ತ ಜೊಂಡು, ಮುನ್ನೂರ ನಲವತ್ತು ಬುಡ."

"ನಮ್ಮವ್ವನ್ನ ಎಲ್ಲಿ ಬರ್ದಿದೀರಿ?" ಅಂದಳು ಕಾಟಮ್ಮ.

ಅವರು ಹಾಳೆ ತಿರುವಿದರು. "ಅದಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮ."

ಮೂಲೆಯ ಕುರ್ಚಿಯಿಂದ ವಿಶಾಖಾ ಎದ್ದು ನಿಂತಳು, ಏನೋ ಹೇಳಹೋಗಿ ಮತ್ತೆ ಕುಳಿತಳು.

"ಜೊಂಡನ್ನು ಕೊಂದರೆ ಬಾಗಿಲು ತೆರೆಯುತ್ತೆ ಅಂತ ನಿಮಗೆ ಹೇಳಿಕೊಟ್ಟವರು ಯಾರು?" ಅಧಿಕಾರಿ ಕೇಳಿದರು. ಅವರಿಗೆ ಬೇಕಿದ್ದದ್ದು ಒಂದು ಹೆಸರು.

"ನನಗ್ಯಾರು ಹೇಳ್ಕೊಡ್ತಾರೆ?" ಅಂದಳು ಓಬಮ್ಮ. "ನಿಮ್ಮ ಯಂತ್ರಕ್ಕೆ ಹೇಳ್ಕೊಟ್ಟೋಳೇ ನಾನು." ಗೋಡೆಯ ಚೌಕಟ್ಟಿನತ್ತ ಬಟ್ಟೆ ಸುತ್ತಿದ ಕೈ ತೋರಿಸಿದಳು. "ಆ ಗೆರೆ ನನ್ನ ಕುಡ್ಲಿಂದು. ಹೆಸರು ಹಾಕೋದು ಮರ್ತಿದ್ರಿ. ಈಗ ನೋಟೀಸಲ್ಲಿ ಹಾಕಿದೀರಿ, ಸರಿಹೋಯ್ತು."

"ನಿಮಗೆ ಏನು ಬೇಕಮ್ಮ ಈಗ?"

"ನಮ್ಮ ಕೇರೀಲಿ ಮನೆಗೊಂದು ಕಿವಿ ಇಡಿ. ಹೊಸ್ಲಿಗೊಂದು."

"ಮನೆಗಳಿಗೆ ಈ ಯೋಜನೆಯಲ್ಲಿ ಅವಕಾಶವಿಲ್ಲ. ಇದು ಸಸ್ಯಗಳಿಗೆ ಮಾತ್ರ."

ಓಬಮ್ಮ ತಲೆಯಾಡಿಸಿದಳು. ಆ ಉತ್ತರ ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಹಂಗಾದ್ರೆ ಕೊಯ್ತೀವಿ ಸಾ. ಮುಂಗಾರಿಗೊಂದ್ಸಲ, ಹಿಂಗಾರಿಗೊಂದ್ಸಲ, ಗೇಣು ಬಿಟ್ಟು, ಮೊದಲಿನಂಗೆ. ಜೈಲಿಗಾಕಿ, ಬಂದು ಮತ್ತೆ ಕೊಯ್ತೀವಿ. ಜೊಂಡು ನಮ್ಮ ಹೊಸ್ಲಿನ ಮಟ್ಟಕ್ಕೇ ಇರ್ಲಿ. ನಾವು ಮುಳುಗೋವಾಗ ಅದೂ ಮುಳುಗ್ಲಿ. ಆಗಾದ್ರೂ ನಿಮಗೆ ಕೇಳ್ತದೆ."

ಚಹಾ ತರಲು ಆ ದಿನ ಯಾರೂ ಇರಲಿಲ್ಲ. ಕೋರ್ಟಿನ ಕರೆ ಬರುವವರೆಗೆ ಮನೆಯಲ್ಲಿರಿ ಎಂದರು. ಹದಿನೈದು ಜನ ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದು ಹೋದರು.

ಶನಿವಾರ ಬೆಳಗಾಗುತ್ತಲೇ ಅವರು ಏರಿಯ ಮೇಲಿದ್ದರು. ನೀರು ಮೊಣಕಾಲಿಗೆ ಇಳಿದಿತ್ತು. ಓಬಮ್ಮ ಹೆಬ್ಬೆರಳು ಕಿರುಬೆರಳು ಅಗಲಿಸಿ, ನೀರಿನ ಮೇಲೆ ಒಂದು ಗೇಣು ಅಳೆದು, ಅಲ್ಲಿಗೆ ಕುಡುಗೋಲು ಹಾಕಿದಳು. ಡ್ರೋನು ಬಂದು ತಲೆಯ ಮೇಲೆ ನಿಂತು, ಜೊಂಡಿಗೆ ನೋವಾಗುತ್ತಿದೆ ಎಂದಿತು.

"ಆಗ್ಲಿ ಬಿಡವ್ವ," ಅಂದಳು ಕಾಟಮ್ಮ, "ಇಬ್ರಿಗೂ ಆಗ್ಲಿ."